'ಅಕ್ಕ' ಎಂದರೆ ಸಾಕೇ?

"ಅಕ್ಕಾ... ಸೊಪ್ಪು ಬೇಕೇನಕ್ಕಾ?"

ಬೆಳಿಗ್ಗೆ ಏಳು ಗಂಟೆಗೆ ನಮ್ಮ ಬೀದಿಯಲ್ಲಿ ಈ ಕೂಗು ಕೇಳದ ದಿನವಿಲ್ಲ. ಕೂಗುವಾಕೆಗೆ ನನಗಿಂತ ಹತ್ತು ವರ್ಷವಾದರೂ ಹೆಚ್ಚಿರಬೇಕು. ಮೊನ್ನೆ ರಜೆಗೆ ಬಂದಿದ್ದ ಮೊಮ್ಮಗಳು, "ಅಜ್ಜೀ, ಅವರು ನಿನಗಿಂತ ದೊಡ್ಡೋರು. ನೀನು ಹೇಗೆ ಅವರಿಗೆ ಅಕ್ಕ ಆಗ್ತೀಯ?" ಎಂದು ಕೇಳಿಯೇಬಿಟ್ಟಳು. ನಕ್ಕು ಸುಮ್ಮನಾದೆ. ಆದರೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಾಗ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು.

ಹೌದಲ್ಲ, ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಈ ಮಾತಿಗೆ ಎಷ್ಟೊಂದು ಅರ್ಥ!

ಹಿರಿಯಳೋ, ಕಿರಿಯಳೋ?

ಇಂಗ್ಲಿಷಿನವರಿಗೆ ದೊಡ್ಡವಳೂ 'ಸಿಸ್ಟರ್', ಚಿಕ್ಕವಳೂ 'ಸಿಸ್ಟರ್'. ನಮಗೆ ಹಾಗಾಗದು. ಅಕ್ಕನೋ ತಂಗಿಯೋ ಮೊದಲು ಗೊತ್ತಾಗಬೇಕು. ತಮಿಳರಲ್ಲಿ ಅಕ್ಕಾ, ತಂಗಚ್ಚಿ. ತೆಲುಗರಲ್ಲಿ ಅಕ್ಕ, ಚೆಲ್ಲಿ. ಮಲಯಾಳಿಗಳಲ್ಲಿ ಚೇಚಿ, ಅನಿಯತ್ತಿ. ದಕ್ಷಿಣದವರೆಲ್ಲ ಈ ವಿಷಯದಲ್ಲಿ ಒಂದೇ. ಇಬ್ಬರಿಗೂ ಸೇರಿ ಒಂದು ಮಾತು ಬೇಕೆಂದರೆ ಸಂಸ್ಕೃತದ 'ಸಹೋದರಿ' ಇದೆ. ಒಂದೇ ಉದರದಲ್ಲಿ ಹುಟ್ಟಿದವಳು ಎಂದರ್ಥ. ಅಚ್ಚಗನ್ನಡದಲ್ಲಿ 'ಒಡಹುಟ್ಟಿದವಳು'. ಆದರೆ ಮನೆಯಲ್ಲಿ ಯಾರಾದರೂ "ಸಹೋದರೀ, ಒಂದು ಲೋಟ ಕಾಫಿ ಕೊಡು" ಎನ್ನುತ್ತಾರೆಯೇ? ಅದೇನಿದ್ದರೂ ಭಾಷಣಕ್ಕೆ, ಪತ್ರಿಕೆಗೆ!

ಹುಟ್ಟಿನ ನಂಟಿಲ್ಲದವರಿಗೂ ಈ ಮಾತು ಸಲ್ಲುತ್ತದೆ. 1893ರ ಸೆಪ್ಟೆಂಬರ್ 11ರಂದು ಷಿಕಾಗೋದಲ್ಲಿ ವಿವೇಕಾನಂದರು ಸಭಿಕರನ್ನು ಸೋದರ ಸೋದರಿಯರೆಂದು ಕರೆದದ್ದಕ್ಕೇ ಚಪ್ಪಾಳೆ ಮೊಳಗಿತು. ಅವರ ಶಿಷ್ಯೆ ಮಾರ್ಗರೆಟ್ ನೋಬಲ್ 1898ರಲ್ಲಿ ಭಾರತಕ್ಕೆ ಬಂದು ಎಲ್ಲರಿಗೂ 'ಸೋದರಿ ನಿವೇದಿತಾ' ಆದರು. ಆಸ್ಪತ್ರೆಯ ದಾದಿ ನಮಗೆಲ್ಲ 'ಸಿಸ್ಟರ್'. ಧಾರವಾಡ, ಕಾರವಾರದ ಕಡೆ ಶಾಲೆಯಲ್ಲಿ ಪಾಠ ಹೇಳುವಾಕೆ 'ಅಕ್ಕೋರು'. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಮಹಾದೇವಿ ಇನ್ನೂ ಚಿಕ್ಕ ವಯಸ್ಸಿನಾಕೆ. ಆದರೂ ಶರಣರಿಗೆಲ್ಲ ಆಕೆ ಅಕ್ಕ.

ಮೊಮ್ಮಗಳಿಗೆ ಉತ್ತರ ಸಿಕ್ಕಿತು. ಇಲ್ಲಿ ಎಣಿಸುವುದು ವಯಸ್ಸನ್ನಲ್ಲ, ಗೌರವವನ್ನು.

ಮದುವೆಯಾದ ಮೇಲೆ

ಮದುವೆಯಾಗಿ ಬಂದರೆ ಹಿರಿಯ ಓರಗಿತ್ತಿ ಅಕ್ಕ. ಹಿಂದೆ ಸವತಿಯನ್ನೂ ಅಕ್ಕ ಎಂದೇ ಕರೆಯಬೇಕಿತ್ತು, ಪಾಪ! ಅಕ್ಕತಂಗಿಯರ ಮಕ್ಕಳಿಗೆ ನಾವು ದೊಡ್ಡಮ್ಮ, ಚಿಕ್ಕಮ್ಮ, ಅಂದರೆ ಅಮ್ಮಂದಿರೇ. ಅಣ್ಣತಮ್ಮಂದಿರ ಮಕ್ಕಳಿಗೆ ಮಾತ್ರ ಸೋದರತ್ತೆ. ಗಂಡನ ತಾಯಿಯೂ ಅತ್ತೆ, ತಂದೆಯ ಸೋದರಿಯೂ ಅತ್ತೆ. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ನಮ್ಮಲ್ಲಿದ್ದುದರಿಂದ ಎರಡಕ್ಕೂ ಒಂದೇ ಮಾತು ಹೊಂದಿಕೊಂಡಿದೆ.

ತವರಿನ ನಂಟು ಹಬ್ಬದಲ್ಲಿ ಕಾಣಬೇಕು. ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ಅಣ್ಣ ಬಂದು ಕರೆದೊಯ್ಯಬೇಕು. ಉಂಡಿ, ಜೋಕಾಲಿ ಎಲ್ಲ ಅಲ್ಲೇ. ಹಳೇ ಮೈಸೂರಿನ ಕಡೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಬೇಕು. ಇಷ್ಟೆಲ್ಲ ಇದ್ದರೂ ನಮ್ಮ ಹಿರಿಯರು ಒಂದು ಗಾದೆ ಮಾಡಿಟ್ಟಿದ್ದಾರೆ: "ಅಕ್ಕಿ ಖರ್ಚಾಗಬಾರದು, ಅಕ್ಕನ ಮಕ್ಕಳು ಬಡವಾಗಬಾರದು." ಕೇಳಿದರೆ ನಗು ಬರುತ್ತದೆ. ಆದರೆ ನನಗೆ ಈ ಗಾದೆ ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ಒಂದು ಸಹಿ

ನಮ್ಮ ಯಜಮಾನರಿಗೆ ಒಬ್ಬ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಮಾವನವರು ತೀರಿಕೊಂಡ ವರ್ಷ ಅವರನ್ನು ಊಟಕ್ಕೆ ಕರೆದು, ಹೋಳಿಗೆ ಬಡಿಸಿ, ಸೀರೆ ಕೊಟ್ಟು, ಸಂಜೆಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. "ನಾನೇನು ಕೇಳಿದ್ನೇನಪ್ಪಾ?" ಎಂದಷ್ಟೇ ಅಂದು ಅಕ್ಕ ಸಹಿ ಹಾಕಿದರು. ಹೋಳಿಗೆ ಬಡಿಸಿದವಳು ನಾನು. ಬಾಯಿ ಬಿಡಲಿಲ್ಲ. ಈಗ ಭಾವನವರೂ ಇಲ್ಲ. ಅಕ್ಕ ಬಾಡಿಗೆ ಮನೆಯಲ್ಲಿದ್ದಾರೆ.

ಕಾನೂನು ಏನನ್ನುತ್ತದೆ ನೋಡಿ. ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು 1956ರಲ್ಲಿ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಅದು ಹೇಳಿತು. ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎಂದು ನಮ್ಮ ರಾಜ್ಯದಲ್ಲಿ 1994ರಲ್ಲೇ ತಿದ್ದುಪಡಿ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಮದುವೆಯಾದ ಹೆಣ್ಣುಮಕ್ಕಳಿಗೂ ಸಿಕ್ಕಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ನಾವಾಗಿ ಬಿಡುಗಡೆ ಪತ್ರ ಬರೆದುಕೊಟ್ಟು ರಿಜಿಸ್ಟರ್ ಆದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ.

ಆದ್ದರಿಂದ, ಸೋದರಿಯರೇ, ಕಾಗದ ಮುಂದೆ ಬಂದರೆ ಅವಸರ ಬೇಡ. ಪೂರ್ತಿ ಓದಿ, ಓದಿಸಿ ಕೇಳಿ. "ನಾಳೆ ಹೇಳ್ತೀನಿ" ಎಂದರೆ ತವರು ಮುರಿದುಬೀಳುವುದಿಲ್ಲ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವಿದೆ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ತಿಳಿದೂ ತಿಳಿದು, ಸಂತೋಷದಿಂದ ಬಿಟ್ಟುಕೊಡುತ್ತೀರಾ? ಅದು ನಿಮ್ಮ ದೊಡ್ಡತನ.

ಇನ್ನೊಂದು ಮಾತು. ತವರಿನಲ್ಲಿ ನಾವು ಅಕ್ಕತಂಗಿಯರು, ಸರಿ. ಈ ಮನೆಯಲ್ಲಿ ನಮ್ಮ ನಾದಿನಿಯೂ ಒಬ್ಬರ ಅಕ್ಕ, ಒಬ್ಬರ ತಂಗಿ. ಅಲ್ಲಿ ನ್ಯಾಯ ಕೇಳುವ ನಾವು ಇಲ್ಲಿ ಹೋಳಿಗೆ ಬಡಿಸಿ ಸುಮ್ಮನಿದ್ದರೆ ಹೇಗೆ?

ಹೋದ ವಾರ ಧೈರ್ಯ ಮಾಡಿ ಯಜಮಾನರಿಗೆ ಹೇಳಿದೆ: "ಹಿತ್ತಲ ಕಡೆಯ ಆ ಎರಡು ಕೋಣೆ ಅಕ್ಕನ ಹೆಸರಿಗೆ ಮಾಡಿಕೊಡೋಣ." ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ತುಂಬ ಹೊತ್ತಾದ ಮೇಲೆ, "ಗೌರಿ ಹಬ್ಬಕ್ಕೆ ಅವಳನ್ನ ಕರೆಸು, ಕೂತು ಮಾತಾಡೋಣ" ಎಂದರು.

ಬಾಗಿನದ ಮೊರಗಳನ್ನು ಈಗಲೇ ತಂದಿಟ್ಟಿದ್ದೇನೆ.