ಹೊಣೆ ಹೊತ್ತೆ ಎಂದ ಮೇಲೆ

ತಪ್ಪು ಕಲ್ಪನೆ: ‘ತಪ್ಪು ನನ್ನದು’ ಎಂದ ನಾಯಕನ ವರ್ಚಸ್ಸು ಕುಂದುತ್ತದೆ.

ಸತ್ಯ: ಎಷ್ಟೋ ಸಲ ಹೆಚ್ಚುತ್ತದೆ. 1961ರ ಏಪ್ರಿಲ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತರಬೇತಿ ಕೊಟ್ಟಿದ್ದ ಸುಮಾರು 1,400 ಕ್ಯೂಬನ್ನರು ತಮ್ಮ ದೇಶದ ಸರ್ಕಾರವನ್ನು ಉರುಳಿಸಲು ಕ್ಯೂಬಾದ ಬೇ ಆಫ್ ಪಿಗ್ಸ್ ದಡದಲ್ಲಿಳಿದು ಮೂರೇ ದಿನದಲ್ಲಿ ಸೋತರು. ನೂರಕ್ಕೂ ಹೆಚ್ಚು ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಸೆರೆಯಾದರು. ಅಮೆರಿಕದ ಅಧ್ಯಕ್ಷ ಕೆನಡಿ ಹೊಣೆ ಹೊತ್ತರು. ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಜನಬೆಂಬಲ ಶೇ 83ಕ್ಕೆ ಏರಿತು. ಬಿಕ್ಕಟ್ಟಿನಲ್ಲಿ ಜನ ನಾಯಕನ ಬೆನ್ನಿಗೆ ನಿಲ್ಲುವುದೂ ಇದಕ್ಕೊಂದು ಕಾರಣ, ನಿಜ. ಆದರೂ ಹೊಣೆ ಹೊತ್ತದ್ದರಿಂದ ಅವರ ವರ್ಚಸ್ಸು ಕುಂದಲಿಲ್ಲ.

ತಪ್ಪು ಕಲ್ಪನೆ: ಹೊಣೆ ಹೊತ್ತವರು ನಡೆದದ್ದನ್ನೆಲ್ಲ ಬಿಚ್ಚಿಡುತ್ತಾರೆ.

ಸತ್ಯ: ಏಪ್ರಿಲ್ 21ರ ಪತ್ರಿಕಾಗೋಷ್ಠಿಯಲ್ಲಿ ವರದಿಗಾರರೊಬ್ಬರು ಕ್ಯೂಬಾದ ವಿಷಯ ಕೆದಕಿದಾಗ ಕೆನಡಿ ಕೊಟ್ಟ ಉತ್ತರದ ಸಾರ ಇಷ್ಟು: ಇನ್ನು ವಿವರ ಹೇಳುವುದಿಲ್ಲ, ಹೊಣೆ ಮರೆಮಾಚಲು ಅಲ್ಲ, ಸರ್ಕಾರದ ಹೊಣೆಗಾರ ನಾನೇ. ಒಂದೇ ಉಸಿರಿನಲ್ಲಿ ಹೊಣೆಯನ್ನೂ ಹೊತ್ತರು, ಪ್ರಶ್ನೆಯ ಬಾಗಿಲನ್ನೂ ಮುಚ್ಚಿದರು. ಅದೇ ವರ್ಷದ ನವೆಂಬರ್‌ನಲ್ಲಿ ಸಿಐಎ ಮುಖ್ಯಸ್ಥ ಆಲೆನ್ ಡಲೆಸ್ ಕುರ್ಚಿ ಬಿಟ್ಟರು. ದಾಳಿಯ ಲೋಪಗಳನ್ನು ಎತ್ತಿ ತೋರಿಸಿದ ಸಿಐಎ ಒಳತನಿಖೆಯ ವರದಿ ಜನರ ಕೈಗೆ ಸಿಕ್ಕಿದ್ದು 1998ರಲ್ಲಿ. ನನ್ನನ್ನು ಕಾಡುವುದು ಆ 37 ವರ್ಷ. ಮಕ್ಕಳನ್ನು ಕಳೆದುಕೊಂಡ ಎಷ್ಟು ತಾಯಂದಿರು ಅಲ್ಲಿಯವರೆಗೆ ಬದುಕಿದ್ದಾರು?

ತಪ್ಪು ಕಲ್ಪನೆ: ಹಾಗಾದರೆ ಹೊಣೆ ಹೊರುವುದೆಲ್ಲ ಪ್ರಚಾರದ ತಂತ್ರ.

ಸತ್ಯ: ಅಲ್ಲ. 1956ರ ನವೆಂಬರ್ 23ರ ನಸುಕಿನಲ್ಲಿ ತಮಿಳುನಾಡಿನ ಅರಿಯಲೂರು ಬಳಿ ಮಳೆನೀರಿಗೆ ಸೇತುವೆ ಕುಸಿದು ತೂತುಕುಡಿ ಎಕ್ಸ್‌ಪ್ರೆಸ್ ಹೊಳೆಗೆ ಬಿತ್ತು. ನೂರಕ್ಕೂ ಹೆಚ್ಚು ಮಂದಿ ಸತ್ತರು. ರೈಲ್ವೆ ಸಚಿವ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಅದಕ್ಕೂ ಕೆಲವೇ ತಿಂಗಳ ಮುಂಚೆ ಮೆಹಬೂಬ್‌ನಗರದ ಬಳಿ ಹೀಗೆಯೇ ಸೇತುವೆ ಕುಸಿದಾಗಲೂ ಕೊಟ್ಟಿದ್ದರು. ಆಗ ನೆಹರೂ ಒಪ್ಪಿರಲಿಲ್ಲ. ಈ ಸಲ ಒಪ್ಪಿದರು, ಶಾಸ್ತ್ರಿಯವರದು ವೈಯಕ್ತಿಕ ತಪ್ಪಲ್ಲವೆಂದು ಸಂಸತ್ತಿನಲ್ಲಿ ಹೇಳಿಯೇ ಒಪ್ಪಿದರು. ಮರುವರ್ಷದ ಚುನಾವಣೆಯ ನಂತರ ಶಾಸ್ತ್ರಿ ಮತ್ತೆ ಮಂತ್ರಿಯಾದರು ನಿಜ, ಆದರೆ ಆ ದಿನ ಅವರು ಬಿಟ್ಟದ್ದು ಬರೀ ಹೇಳಿಕೆಯನ್ನಲ್ಲ, ಹುದ್ದೆಯನ್ನು.

ತಪ್ಪು ಕಲ್ಪನೆ: ಸಚಿವರು ಹೋದರೆ ಲೆಕ್ಕ ಚುಕ್ತಾ.

ಸತ್ಯ: ಸೇತುವೆ ಯಾಕೆ ಕುಸಿಯಿತೆಂದು ರಾಜೀನಾಮೆ ಪತ್ರ ಹೇಳುವುದಿಲ್ಲ. ಇಂದು ದೊಡ್ಡ ರೈಲು ಅಪಘಾತಗಳ ತನಿಖೆ ರೈಲ್ವೆ ಸುರಕ್ಷತಾ ಆಯುಕ್ತರದು. ರೈಲ್ವೆಯ ತಪ್ಪನ್ನು ರೈಲ್ವೆಯೇ ತೂಗಬಾರದೆಂದು ಅವರನ್ನು ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಇಟ್ಟಿದ್ದಾರೆ. ಯಾವ ಬೋಲ್ಟ್, ಯಾವ ಹಳಿ, ಯಾರ ಸಹಿ ಎಂಬುದು ಇರುವುದು ಅವರ ವರದಿಯಲ್ಲಿ.