ಕಡಲೊಳಗಿನ ಬೂಷ್ಟು

ಹಳೇ ರೊಟ್ಟಿಗೆ ಬೂಷ್ಟು ಬರುತ್ತದೆ. ಉಪ್ಪಿನಕಾಯಿ ಭರಣಿಯಲ್ಲೂ ಬರುತ್ತದೆ. ನಾವೆಲ್ಲ ನೋಡಿದ್ದೇವೆ, ಅಲ್ವಾ? ಬೂಷ್ಟಿಗೆ ಶಿಲೀಂಧ್ರ ಎಂದೂ ಹೆಸರು. ಅಣಬೆಯೂ ಇದೇ ಗುಂಪಿನದು.

ಬೂಷ್ಟು ಕಡಲಿನಲ್ಲೂ ಇದೆ! ಕಾರವಾರದ ಕಡಲಬಂಡೆಗಳ ಮೇಲೆ ಪಾಚಿ ಬೆಳೆಯುತ್ತದೆ. ಇಂಥ ಕಡಲಪಾಚಿಯ ಒಳಗೆ ಬೂಷ್ಟು ಇರುತ್ತದೆ. ಸ್ಪಂಜಿನ ಒಳಗೂ ಇರುತ್ತದೆ. ಸ್ಪಂಜು ಒಂದು ಪ್ರಾಣಿ. ಕಲ್ಲಿಗೆ ಅಂಟಿಕೊಂಡು ಬದುಕುತ್ತದೆ. ಅದರ ಮೈತುಂಬ ತೂತು. ನೀರನ್ನು ಸೋಸಿ ಆಹಾರ ಪಡೆಯುತ್ತದೆ.

ಒಳಗಿನ ಬೂಷ್ಟು ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಗುರುತಿಸುವುದು ಹೇಗೆ?

ಮೊದಲು ಪಾಚಿಯನ್ನೋ ಸ್ಪಂಜನ್ನೋ ಚೆನ್ನಾಗಿ ತೊಳೆಯುತ್ತಾರೆ. ಸ್ವಲ್ಪ ಹೊತ್ತು ಸ್ಪಿರಿಟ್‌ನಲ್ಲಿ ಅದ್ದುತ್ತಾರೆ. ಮೈಮೇಲಿನ ಬೂಷ್ಟು ಸಾಯಲಿ ಅಂತ. ಮತ್ತೆ ತೊಳೆಯುತ್ತಾರೆ. ಆಮೇಲೆ ಒಳಗಿನ ಚೂರು ಕತ್ತರಿಸಿ ಗಾಜಿನ ತಟ್ಟೆಯಲ್ಲಿ ಇಡುತ್ತಾರೆ. ತಟ್ಟೆಯಲ್ಲಿ ಅಗರ್ ಎಂಬ ಗಟ್ಟಿ ಲೋಳೆ ಇರುತ್ತದೆ. ಅಗರ್ ಕೂಡ ಕಡಲಪಾಚಿಯಿಂದಲೇ ಬರುವುದು!

ಕೊನೆಗೆ ತೊಳೆದ ನೀರನ್ನು ಇನ್ನೊಂದು ತಟ್ಟೆಗೆ ಹಾಕುತ್ತಾರೆ. ಅದರಲ್ಲಿ ಏನೂ ಬೆಳೆಯಬಾರದು. ಬೆಳೆದರೆ ತೊಳೆದದ್ದು ಸಾಲದು ಎಂದು ಅರ್ಥ.

ಕೆಲವು ದಿನಗಳಲ್ಲಿ ಚೂರಿನಿಂದ ಎಳೆಗಳು ಹೊರಡುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪೆನಿಸಿಲಿಯಂ ಕುಂಚದ ಹಾಗೆ ಕಾಣುತ್ತದೆ. ಆಸ್ಪರ್ಜಿಲಸ್ ಚೆಂಡುಹೂವಿನ ಹಾಗೆ. ನೋಟಕ್ಕೆ ಗೊತ್ತಾಗದಿದ್ದರೆ ಡಿ.ಎನ್.ಎ. ಪರೀಕ್ಷೆ ಮಾಡುತ್ತಾರೆ.

ಒಂದು ಸಲ ಸಿಕ್ಕರೆ ಸಾಲದು. ನೆಲದ ಬೂಷ್ಟು ಹೊಳೆನೀರಿನಲ್ಲಿ ಕಡಲು ಸೇರುತ್ತದೆ. ಸ್ಪಂಜು ನೀರು ಸೋಸುವಾಗ ಅದೂ ಸಿಕ್ಕಿಕೊಂಡಿರಬಹುದು. ಮನೆಗೆ ಬಂದವರೆಲ್ಲ ಮನೆಯವರಲ್ಲ, ನೋಡಿ. ಬೇರೆ ಬೇರೆ ಕಡೆಯ ಸ್ಪಂಜಿನಲ್ಲೂ ಮತ್ತೆ ಮತ್ತೆ ಸಿಗಬೇಕು.

ಇಷ್ಟೆಲ್ಲ ಕಷ್ಟ ಯಾಕೆ? 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋತ್ಸು ಎಂಬ ಪ್ರಾಧ್ಯಾಪಕರಿದ್ದರು. ಊರಿನ ಚರಂಡಿ ಕಡಲು ಸೇರುವ ಜಾಗದ ನೀರಿನಲ್ಲಿ ಅವರಿಗೆ ಒಂದು ಬೂಷ್ಟು ಸಿಕ್ಕಿತು. ಅದು ಟೈಫಾಯಿಡ್ ರೋಗಾಣುವನ್ನು ತಡೆಯಿತು. ಮುಂದೆ ಅದರಿಂದ ಸೆಫಲೋಸ್ಪೋರಿನ್ ಔಷಧಿಗಳು ಬಂದವು. ಇಂದೂ ಆಸ್ಪತ್ರೆಗಳಲ್ಲಿ ಅವು ಜೀವ ಉಳಿಸುತ್ತಿವೆ. ಹೊಸ ಮದ್ದು ಸಿಕ್ಕೀತು ಎಂದು ಸ್ಪಂಜಿನಲ್ಲೂ ಪಾಚಿಯಲ್ಲೂ ಹುಡುಕುತ್ತಿದ್ದಾರೆ.

ಆದರೆ ಎಲ್ಲ ಬೂಷ್ಟೂ ಮದ್ದಲ್ಲ. ಶೇಂಗಾಕ್ಕೆ ಹಿಡಿಯುವ ಒಂದು ಆಸ್ಪರ್ಜಿಲಸ್ ವಿಷ ಮಾಡುತ್ತದೆ. ಆ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಶೇಂಗಾ ತಿನ್ನಬೇಡಿ. ಮಕ್ಕಳಿಗೂ ಕೊಡಬೇಡಿ.

ಒಂದೇ ಕುಲದಲ್ಲಿ ವಿಷವೂ ಉಂಟು, ಮದ್ದೂ ಉಂಟು. ಅದಕ್ಕೇ ಸರಿಯಾಗಿ ಗುರುತಿಸಬೇಕು.