ತೊಟ್ಟಿಕ್ಕುವ ನಲ್ಲಿ, ಒದ್ದೆ ಗೋಡೆ: ಒಂದು ಅಭ್ಯಾಸ ಪಾಠ

ಹೊಳೆನರಸೀಪುರದಲ್ಲಿ ಅಭ್ಯಾಸ ಬೋಧನೆಯ ವೇಳೆ, ಎಂಟನೇ ತರಗತಿಯ ಮಕ್ಕಳೊಂದಿಗೆ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಅಳತೆ ಜಾಡಿ ಇಟ್ಟೆ. ನಿಮಿಷಕ್ಕೆ 3 ಮಿಲಿಲೀಟರ್. ದಿನಕ್ಕೆ 4 ಲೀಟರಿಗೂ ಹೆಚ್ಚು. ಕಾರಣ ಸವೆದ ವಾಷರ್.

"ಕಾಣದ ಕಡೆ ಸೋರಿದ್ರೆ ಹೆಂಗೆ ಗೊತ್ತಾಗುತ್ತೆ ಮಿಸ್?" ಎಂದಳು ಒಬ್ಬ ವಿದ್ಯಾರ್ಥಿನಿ. ನನ್ನ ಪಾಠಯೋಜನೆಯಲ್ಲಿ ಅದಿರಲಿಲ್ಲ.

ಚನ್ನರಾಯಪಟ್ಟಣದ ನಮ್ಮ ಮನೆ ನೆನಪಾಯಿತು. ಗೋಡೆಯೊಳಗೆ ಪೈಪಿನ ಜಾಯಿಂಟ್ ಸೋರುತ್ತಿತ್ತು. ನಾವು ಎರಡು ಸಲ ಸುಣ್ಣ ಬಳಿದು ಸುಮ್ಮನಾಗಿದ್ದೆವು! ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರು ಮೇಲಕ್ಕೂ ಏರುತ್ತದೆ, ಇದೇ ಲೋಮನಾಳ ಕ್ರಿಯೆ. ಹಾಗಾಗಿ ಒದ್ದೆ ಕಂಡಲ್ಲೇ ಸೋರಿಕೆ ಇರಬೇಕೆಂದಿಲ್ಲ. ನೀರು ಆವಿಯಾದ ಮೇಲೆ ಉಳಿಯುವ ಲವಣ ಗಾರೆಯನ್ನು ಉದುರಿಸುತ್ತದೆ.

ತಿಂಗಳಿಗೊಮ್ಮೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮೋಟಾರ್ ಹಾಕದೆ ಟ್ಯಾಂಕಿನ ನೀರಿನ ಮಟ್ಟ ಗುರುತಿಸಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಮರುವಾರ ಅವಳೇ ಬಂದು ಹೇಳಿದಳು: "ನಮ್ಮನೇಲಿ ಎರಡು ಬೆರಳು ಇಳಿದಿತ್ತು ಮಿಸ್."